ಗುಡ್ಡೆ ಬಾಡಿನ ಲೆಕ್ಕ

ನಮ್ಮ ಮಂಡ್ಯ ಸೀಮೇಲಿ ಯುಗಾದಿಗಿಂತ ಯುಗಾದಿ ಮಾರನೇ ದಿನಕ್ಕೆ ಕಾಯೋರೇ ಜಾಸ್ತಿ. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೇ ದಿನ ವರ್ಸತೊಡಕು, ಹೊಸತೊಡಕು ಅಂತಾನೂ ಕರೀತಾರೆ. ಅವತ್ತು ನಮ್ಮ ಕೇರೀಲಿ ಬಾಡಿನ ಘಮ ಬರದೇ ಇರೋ ಮನೆ ಒಂದೂ ಇರ್ತಿರಲಿಲ್ಲ. ಆಗ ಊರಲ್ಲಿ ಬಾಡಿನ ಅಂಗಡಿ ಎಲ್ಲಿತ್ತು? ಹಬ್ಬಕ್ಕೆ ಬಾಡು ಅಂದ್ರೆ ಗುಡ್ಡೆ ಬಾಡು.

ನಿಮಗೆಲ್ಲಾ ಗೊತ್ತಿರೋದೇ, ಆದ್ರೂ ಸಿಟೀಲಿ ಹುಟ್ಟಿದ ಸೊಸೇರು, ಮೊಮ್ಮಕ್ಕಳು ಓದ್ಲಿ ಅಂತ ಒಂಚೂರು ಬಿಡಿಸಿ ಹೇಳ್ತೀನಿ. ಹದಿನೈದೋ ಇಪ್ಪತ್ತೋ ಮನೆಯವರು ಸೇರ್ಕಂಡು ಎರಡು ಕುರಿ ಹಿಡಿಯೋರು. ಕೈಯಲ್ಲಿ ದುಡ್ಡು ಇದ್ದೋರು ಆಗ್ಲೇ ಕೊಡೋರು, ಇಲ್ದೋರು ಸುಗ್ಗಿ ಆದ ಮೇಲೋ ಬೆಲ್ಲ ಮಾರಿದ ಮೇಲೋ ಕೊಡೋರು. ಕೋಳಿ ಕೂಗೋ ಹೊತ್ತಿಗೇ ಕುಯ್ದು ಸುಲಿದು, ಬಾಳೆ ಎಲೆ ಹಾಸಿ, ಮನೆಗೊಂದರಂತೆ ಗುಡ್ಡೆ ಹಾಕೋರು. ತಕ್ಕಡಿ ಇರ್ತಿರಲಿಲ್ಲ, ಕಣ್ಣಂದಾಜೇ. ತೊಡೆ ಬಾಡು ಎಲ್ಲಾ ಗುಡ್ಡೆಗೂ ಬೀಳಬೇಕು. ಪಕ್ಕೆ, ಎದೆ, ಕತ್ತು ಎಲ್ಲಕ್ಕೂ ಒಂದೊಂದು ತುಂಡು. ಈಲಿ ಅಂತೀವಲ್ಲ, ಈಗಿನೋರು ಲಿವರ್ ಅಂತಾರೆ, ಅದನ್ನ ಎರಡು ಬೆರಳಗಲ ಕುಯ್ದು ಎಲ್ಲಾರ್ಗೂ ಇಡೋರು. ಬೋಟಿ ಒಂದೊಂದು ಹಿಡಿ. ತಲೆ, ಕಾಲು ಮಾತ್ರ ಅಲ್ಲೇ ಹರಾಜು ಕೂಗಿ, ಬಂದ ದುಡ್ಡನ್ನ ಒಟ್ಟು ಲೆಕ್ಕಕ್ಕೆ ಸೇರಿಸೋರು. ಗುಂಡಿಗೆ ಸುಲಿದೋನಿಗೆ.

ಆಮೇಲೆ ಒಬ್ಬ ಸಣ್ಣ ಹುಡುಗನ್ನ ಬೆನ್ನು ತಿರುಗಿಸಿ ನಿಲ್ಲಿಸಿ, ಒಬ್ಬರು ಗುಡ್ಡೆ ಮೇಲೆ ಕಡ್ಡಿ ಇಟ್ಟು “ಇದ್ಯಾರ್ದ್ಲಾ?” ಅಂತ ಕೇಳೋರು. ಅವನು ಯಾರ ಹೆಸರು ಹೇಳ್ತಾನೋ ಆ ಗುಡ್ಡೆ ಅವರದ್ದು. ಹತ್ತೆಕರೆ ಗದ್ದೆ ಇರೋನಿಗೂ ಅಷ್ಟೇ, ಕೂಲಿಗೆ ಹೋಗೋನಿಗೂ ಅಷ್ಟೇ. ಗುಡ್ಡೆಯಲ್ಲಿ ಮೋಸ ಮಾಡಿದ ಅಂತ ಹೆಸರು ಬಂದ್ರೆ ಅವನ ಜೊತೆ ಮುಂದಿನ ವರ್ಷ ಯಾರೂ ಪಾಲು ಸೇರ್ತಿರಲಿಲ್ಲ. ಎಲ್ಲಾದ್ರೂ ಮೋಸ ನಡೀಲಿ, ಗುಡ್ಡೆಯಲ್ಲಿ ನಡೀಬಾರ್ದು ಅನ್ನೋದು ನಮ್ಮ ಕಡೆ ಗಂಡಸರ ಮರ್ಯಾದೆ ಮಾತು.

ಹಿಂಗೆ ಬೀದೀಲಿ ಸಮ ಮಾಡಿದ ಗುಡ್ಡೆ ನಮ್ಮ ಹೊಸ್ಲು ದಾಟಿ ಅಡುಗೆಮನೆಗೆ ಬಂದ ಮೇಲೆ ಏನಾಗ್ತಿತ್ತು, ಅದನ್ನ ಬರೆಯೋಕೆ ಇವತ್ತು ಕುಂತಿದ್ದೀನಿ ಕಣ್ರವ್ವ.

ನನ್ನ ತವರು ಮಳವಳ್ಳಿ ಕಡೆ. ಬನ್ನೂರು ಕುರಿ ಅಂತ ಈಗ ಬೆಂಗಳೂರಿನೋರೂ ಹೆಸರು ಹೇಳ್ಕಂಡು ತಿಂತಾರಲ್ಲ, ಅದೇ ಕುರಿಯ ಸೀಮೆ. ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಬಂಡೂರು ಅಂತ ಊರದೆ, ಆ ಹೆಸರಲ್ಲೇ ಬಂಡೂರು ಕುರಿ ಅಂತಾನೂ ಕರೀತಾರೆ. ಗಿಡ್ಡ ಕಾಲು, ಅಗಲ ಬೆನ್ನು, ತುಂಬ್ಕಂಡ ಮೈ. ಕೊಬ್ಬು ಬಾಡಿನ ಒಳಗೇ ಹರಡ್ಕಂಡಿರೋದ್ರಿಂದ ಬೇಯಿಸಿದ್ರೆ ಬೆಣ್ಣೆ ಥರ ಬಿಡ್ತದೆ. ಊರು ಕುರಿಗೆ ಹೆಸರುವಾಸಿ ಅಂದ್ರೆ ನಾವು ದಿನಾ ಬಾಡು ತಿಂತಿದ್ದೋ ಅಂತ ತಿಳ್ಕಬ್ಯಾಡಿ. ಕುರಿ ಸಾಕೋದು ಮಾರೋಕೆ. ನಮಗೆ ಬಾಡು ಅಂದ್ರೆ ವರ್ಸತೊಡಕು, ಮಾರಮ್ಮನ ಹಬ್ಬ, ಪಿತೃಪಕ್ಷ, ಇಲ್ಲಾ ನೆಂಟ್ರು ಬಂದಾಗ ಹಿತ್ತಲ ಹುಂಜ. ವರ್ಷಕ್ಕೆ ಬೆರಳಲ್ಲಿ ಎಣಿಸೋವಷ್ಟು ದಿನ.

ನಮ್ಮನೇಲಿ ಆಗ ಹನ್ನೊಂದು ಜನ. ಗುಡ್ಡೆ ಅಂದ್ರೆ ಒಂದೂಕಾಲು, ತಪ್ಪಿದ್ರೆ ಒಂದೂವರೆ ಕೆಜಿ. ಅಷ್ಟನ್ನ ಹನ್ನೊಂದು ಜನಕ್ಕೆ ಎರಡು ಹೊತ್ತಿಗೆ ಸಾಲಿಸೋದು ನಮ್ಮವ್ವನ ಕೆಲಸ. ಅವ್ವ ಏನು ಮಾಡ್ತಿದ್ಲು ಅಂದ್ರೆ, ಎಸ್ರು ಉದ್ದ ಮಾಡ್ತಿದ್ಲು. ಅವರೆಕಾಲದಲ್ಲಿ ಹಿದುಕಿದ ಬೇಳೆ ಹಾಕ್ತಿದ್ಲು, ಇಲ್ದಿದ್ರೆ ಆಲೂಗೆಡ್ಡೆ. ಬೋಟಿಗೆ ಕಡ್ಲೇಕಾಳು ಸೇರಿಸಿ ಗೊಜ್ಜು ಮಾಡ್ತಿದ್ಲು. ಒಂದು ಹಿಡಿ ಬಾಡನ್ನ ಒರಳಲ್ಲಿ ರುಬ್ಬಿ, ಹುರಿಗಡಲೆ ಹಿಟ್ಟು ಬೆರೆಸಿ ಕೈಮ ಉಂಡೆ ಕಟ್ಟಿದ್ರೆ ಮಕ್ಕಳಿಗೆ ಒಂದೊಂದು ಉಂಡೆ ಸಿಕ್ತಿತ್ತು. ರಕ್ತ ಹಿಡಿದು ತಂದಿದ್ರೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಲ್ಯ. ಒಂದು ಚೂರೂ ಆಚೆಗೆ ಹೋಗ್ತಿರಲಿಲ್ಲ.

ಅವ್ವನ ಎಸ್ರು ಮಾಡೋ ಕ್ರಮ ಇಲ್ಲೇ ಬರೆದುಬಿಡ್ತೀನಿ, ಈಗಿನ ಅಳತೆಗೆ ಒಂದು ಕೆಜಿ ಬಾಡಿಗೆ. ಮೊದಲು ಬಾಡು ತೊಳೆದು, ಎಣ್ಣೆಗೆ ಒಂದು ಈರುಳ್ಳಿ ಹೆಚ್ಚಿ ಹಾಕಿ, ಬಾಡು, ಅರಿಶಿನ, ಉಪ್ಪು ಹಾಕಿ ಬಾಡಿಸಬೇಕು. ನೀರು ಹುಯ್ಯೋಕೆ ಆತುರ ಬ್ಯಾಡ. ಬಾಡೇ ನೀರು ಬಿಡ್ತದೆ, ಆ ನೀರು ಇಂಗೋವರೆಗೂ ಕೈಯಾಡಿಸಬೇಕು. ಆಮೇಲೆ ಬಿಸಿನೀರು. ಅದು ಬೇಯೋವಾಗ ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದೂವರೆ ಇಂಚು ಶುಂಠಿ ಬಾಡಿಸಿಕೊಂಡು, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ ನಾಲ್ಕು ಎಲೆ, ಮೂರು ಚಮಚ ದನಿಯ ಪುಡಿ, ಎರಡು ಚಮಚ ಖಾರದ ಪುಡಿ ಸೇರಿಸಿ ನುಣ್ಣಗೆ ರುಬ್ಬಿ, ಬಾಡು ಅರೆಬೆಂದಾಗ ಹಾಕಬೇಕು. ಕಾಯಿ ಮಸಾಲೆ ಬೇರೆ: ಅರ್ಧ ಹೋಳು ಕಾಯಿ, ಒಂದು ಚಮಚ ಗಸಗಸೆ, ಒಂದು ಚಮಚ ಹುರಿಗಡಲೆ, ಚಕ್ಕೆ ಎರಡು ತುಂಡು, ಲವಂಗ ಐದು. ಇದನ್ನ ಬಾಡು ಪೂರ್ತಿ ಬೆಂದ ಮೇಲೇ ಹಾಕೋದು. ಮೊದಲೇ ಹಾಕಿದ್ರೆ ಕಾಯಿ ಒಡೆದು ಎಸ್ರು ತಳ ಹಿಡೀತದೆ. ಸಣ್ಣ ಉರೀಲಿ ಕುದ್ದು ಮೇಲೆ ಎಣ್ಣೆ ತೇಲಿದ್ರೆ ಆಯ್ತು. ಪಕ್ಕದಲ್ಲಿ ಬಿಸಿ ಹಿಟ್ಟು, ಅಂದ್ರೆ ರಾಗಿ ಮುದ್ದೆ. ಇದು ನಾನು ಇವತ್ತಿಗೂ ಬದಲಾಯಿಸದೇ ಇರೋ ಅಡುಗೆ.

ಬೇಯಿಸೋದೆಲ್ಲಾ ಸರಿ, ಬಡಿಸೋ ಕ್ರಮ ಕೇಳಿ. ಮೊದಲ ಸಾಲಿಗೆ ನಮ್ಮಜ್ಜ, ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಯಾರಾದ್ರೂ ನೆಂಟ್ರು ಬಂದಿದ್ರೆ ಅವ್ರು. ನಲ್ಲಿ ಮೂಳೆ ಅಜ್ಜನ ತಣಿಗೆಗೆ, ಅದರಲ್ಲಿ ಮಾತೇ ಇಲ್ಲ. ತೊಡೆ ಬಾಡು ಅಪ್ಪನಿಗೆ, ಚಿಕ್ಕಪ್ಪನೋರಿಗೆ. ಈಲಿ ಮೆಣಸು ಹಾಕಿ ಹುರಿದದ್ದು ಊಟಕ್ಕೆ ಮುಂಚೇನೇ ಜಗಲಿಗೆ ಹೋಗಿ ಖಾಲಿ ಆಗಿರ್ತಿತ್ತು. ಎರಡನೇ ಸಾಲಿಗೆ ಗಂಡುಹುಡುಗರು, ಪಕ್ಕೆ ತುಂಡು, ಉಂಡೆ. ಆಮೇಲೆ ನಾವು ಹೆಣ್ಣುಮಕ್ಕಳು, ಮೂಳೆ ಮೇಲೆ ಅಂಟ್ಕಂಡಿರೋ ಬಾಡು, ಒಂದೊಂದು ಸಲ ಒಳ್ಳೇ ತುಂಡು. ಕೊನೇಗೆ ಅಜ್ಜಿ, ಅವ್ವ, ಚಿಕ್ಕವ್ವ. ಅಷ್ಟೊತ್ತಿಗೆ ತಪಲೆ ತಳದಲ್ಲಿ ಗಸಿ, ಎರಡು ಮೂಳೆ, ನಾಲ್ಕು ಬೇಳೆಕಾಳು. ಅವ್ವ ಮುದ್ದೆ ಮುರಿದು ತಪಲೆ ಒಳಕ್ಕೇ ಹಾಕಿ ಸವರ್ಕಂಡು ಉಣ್ಣೋಳು. ಕೇಳಿದ್ರೆ, “ಎಸ್ರಲ್ಲೇ ಕಣೆ ಸತ್ವ ಎಲ್ಲಾ ಇಳ್ದಿರೋದು, ಬರೀ ಬಾಡಲ್ಲೇನದೆ ಚಕ್ಕೆ ಥರ” ಅನ್ನೋಳು.

ಯಾರೂ ಕಿತ್ಕಂಡು ತಿಂದ್ರು ಅಂತ ನಾನು ಹೇಳ್ತಿಲ್ಲ. ನಮ್ಮಪ್ಪ ಒಳ್ಳೇ ಮನುಷ್ಯ. “ನಿಮಗೈತೇನಮ್ಮೀ?” ಅಂತ ಪ್ರತೀ ಸಲ ಕೇಳೋನು. “ಐತೆ ಉಣ್ಣಿ” ಅಂತ ಅವ್ವ ಒಲೆ ಕಡೆ ಮುಖ ಮಾಡ್ಕಂಡೇ ಹೇಳೋಳು. ಅಪ್ಪ ಕೇಳಿದ್ದೂ ನಿಜ, ಅವ್ವ ಹೇಳಿದ್ದು ಸುಳ್ಳು ಅಂತ ಆ ಮನೇಲಿ ಎಲ್ಲಾರ್ಗೂ ಗೊತ್ತಿದ್ದದ್ದೂ ನಿಜ.

1990ರಲ್ಲಿ ನಾನು ಮದುವೆ ಆಗಿ ಮದ್ದೂರು ಕಡೆ ಬಂದೆ. ಅಲ್ಲೂ ದೊಡ್ಡ ಕುಟುಂಬ, ಅಲ್ಲೂ ಗಂಡಸರ ಸಾಲೇ ಮೊದಲು. ಮೊದಲನೇ ವರ್ಸತೊಡಕಿನ ದಿನ ಒಂದು ವಿಚಿತ್ರ ನೋಡಿದೆ. ಬಾಡು ಬೆಂದು ಇಳಿಸೋ ಹೊತ್ತಿಗೆ ನಮ್ಮತ್ತೆಯೋರು ಒಂದು ಕಂಚಿನ ಬಟ್ಲು ತಕ್ಕಂಡು, ತೊಡೆ ತುಂಡು, ಪಕ್ಕೆ, ಒಂದೆರಡು ಈಲಿ ಚೂರು ಎಲ್ಲಾ ಆರಿಸಿ ಆರಿಸಿ ತುಂಬಿ, ಅದನ್ನ ಒಲೆ ಮುಂದೆ ಇಟ್ಟು ಕೈಮುಗಿದು, ಮುಚ್ಚಳ ಮುಚ್ಚಿ ನಾಗಂದಿಗೆ ಮೇಲೆ ಇಟ್ರು. ನಾನು ಹೊಸಬಳು, ಯಾವ ದೇವ್ರ ಹರಕೆಯೋ ಅಂದ್ಕಂಡೆ. “ಏನತ್ತೆ ಅದು?” ಅಂದೆ. “ಒಲೆ ಪಾಲು” ಅಂದ್ರು ಅಷ್ಟೇ.

ಗಂಡಸರೆಲ್ಲಾ ಉಂಡು ಎದ್ದು ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕಂಡು ಕುಂತ್ಮೇಲೆ ಅತ್ತೆ ನಾಗಂದಿಗೆಯಿಂದ ಬಟ್ಲು ಇಳಿಸಿದ್ರು. ನನಗೆ, ನನ್ನ ಓರಗಿತ್ತಿಗೆ, ನಾದಿನಿಗೆ, ಅವರಿಗೆ, ನಾಲ್ಕು ಪಾಲು ಮಾಡಿ ತಣಿಗೆಗೆ ಹಾಕಿದ್ರು. ಬೀದೀಲಿ ಗುಡ್ಡೆ ಹಾಕ್ತಾರಲ್ಲ, ಥೇಟ್ ಹಂಗೇ. ಎಲ್ಲಾರ್ಗೂ ತೊಡೆ, ಎಲ್ಲಾರ್ಗೂ ಈಲಿ. ನಮ್ಮ ಮಾವನೋರು ಒಂದು ಸಲ ಎಸ್ರಿಗೆ ಇನ್ನೊಂದು ತುಂಡು ಕೇಳಿದಾಗ “ಒಲೆ ಪಾಲು ಮುಟ್ಟಂಗಿಲ್ಲ, ಮನೆ ಉರಿ ಆರೋಯ್ತದೆ” ಅಂತ ಅತ್ತೆ ಗದರಿಸಿದ್ದು ನಂಗೆ ಜ್ಞಾಪಕ ಅದೆ. ಮಾವ ಸುಮ್ಮನಾದ್ರು. ಒಲೆ ದೇವ್ರನ್ನ ಎದುರು ಹಾಕ್ಕೊಳೋ ಧೈರ್ಯ ಅವರಿಗಿರಲಿಲ್ಲ. ಆ ದೇವ್ರು ಯಾರು ಅಂತ ಅವರಿಗೆ ಗೊತ್ತಿತ್ತೋ ಇಲ್ವೋ, ಗೊತ್ತಿದ್ದೂ ಸುಮ್ಮನಿದ್ರೋ, ಹೇಳೋಕಾಗಲ್ಲ.

ಅತ್ತೆ ಇದನ್ನ ಯಾಕೆ ಶುರು ಮಾಡಿದ್ರು ಅಂತ ಎಷ್ಟೋ ವರ್ಷ ಆದ ಮೇಲೆ ಹೇಳಿದ್ರು. ಇಬ್ರೂ ಹಿತ್ತಲಲ್ಲಿ ಬೋಟಿ ತೊಳೀತಾ ಕುಂತಿದ್ದೋ. ಬೋಟಿ ತೊಳೆಯೋ ಕೆಲಸ ನಿಮಗೆ ಗೊತ್ತಲ್ಲ, ಬಿಸಿನೀರು, ಸುಣ್ಣ ಹಾಕಿ ಕೆರೆದು ಕೆರೆದು ಬೆಳ್ಳಗೆ ಮಾಡೋವರೆಗೆ ಸೊಂಟ ಬಿದ್ದೋಗ್ತದೆ. ಅತ್ತೆ ಕೆರೀತಾನೇ ಹೇಳಿದ್ರು. ಅವರ ತಂಗಿ, ಎರಡನೇ ಹೆರಿಗೇಲಿ ಹೋದೋಳಂತೆ. “ರಕ್ತ ಇರ್ನಿಲ್ಲ ಅಂದ್ರು ಕಣವ್ವ ದಾದಿ. ಅವಳ ಗಂಡನ ಮನೇಲಿ ವಾರಕ್ಕೊಂದಪ ಬಾಡು ಬೇಯೋದು. ಬೇಯಿಸ್ತಿದ್ದೋಳು ಅವಳೇಯ. ರಕ್ತ ಎಂಗಿರ್ನಿಲ್ಲ ಅಂತ ನಂಗೆ ಆವತ್ತಿಂದ ಕೊರೀತಿತ್ತು.” ಅಷ್ಟು ಹೇಳಿ ಬೋಟಿ ನೀರು ಚೆಲ್ಲಿ ಎದ್ರು. ತಂಗಿ ಹೋದ ವರ್ಷದಿಂದಲೇ ಒಲೆ ಪಾಲು ಶುರು ಆದದ್ದು. ಜಗಳ ಆಡಲಿಲ್ಲ, ಗಂಡಸರ ಸಾಲು ಹಿಂದೆ ಹಾಕಲಿಲ್ಲ. ಸೌಟು ತಮ್ಮ ಕೈಲಿತ್ತು, ಆ ಸೌಟಲ್ಲಿ ಆಗೋ ಅಷ್ಟು ಮಾಡಿದ್ರು. 2009ರಲ್ಲಿ ನಮ್ಮತ್ತೆ ಹೋದ್ರು. ಆ ಕಂಚಿನ ಬಟ್ಲು ನನ್ನ ಹತ್ರಾನೇ ಅದೆ.

ಈಗ ನಮ್ಮವ್ವನ ಕಡೆಗೆ ಬರ್ತೀನಿ. 2017ರಲ್ಲಿ ಅವ್ವನಿಗೆ ಸುಸ್ತು ಜಾಸ್ತಿ ಆಯ್ತು. ಹತ್ತು ಹೆಜ್ಜೆ ಇಟ್ರೆ ಏದುಸಿರು, ಕಣ್ಣು ಕತ್ತಲೆ. ವಯಸ್ಸಾಯ್ತು ಅಂತ ಊರಲ್ಲಿ ಎಲ್ಲಾರೂ ಅಂದ್ರು. ನಾನು ಮೈಸೂರಿಗೆ ಕರ್ಕಂಡು ಬಂದು ಆಸ್ಪತ್ರೇಲಿ ತೋರಿಸ್ದೆ. ಹಿಮೋಗ್ಲೋಬಿನ್ 6.8. ಹೆಂಗಸರಿಗೆ 12 ಇರಬೇಕಂತೆ. ಡಾಕ್ಟ್ರು ಹೊಟ್ಟೆ, ಕರುಳು ಎಲ್ಲಾ ಪರೀಕ್ಷೆ ಮಾಡಿಸಿದ್ರು, ಎಲ್ಲೂ ರಕ್ತ ಸೋರ್ತಿಲ್ಲ, ಬೇರೆ ಕಾಯಿಲೆ ಇಲ್ಲ, ಮೈಯಲ್ಲಿ ಕಬ್ಬಿಣದ ಅಂಶಾನೇ ಇಲ್ಲ ಅಂದ್ರು. ರಕ್ತ ಏರಿಸೋವಾಗ ನರ್ಸಮ್ಮ, ಚಿಕ್ಕ ಹುಡುಗಿ, ಕೇಳಿದ್ಲು: “ಅಜ್ಜಿ, ನೀವು ಮಾಂಸ ಮೊಟ್ಟೆ ತಿನ್ನಲ್ವಾ?”

ಅವ್ವ ಹೇಳಿದ್ಲು, “ಅಯ್ಯೋ, ನಮ್ಮನೇಲಿ ಬಾಡು ಮಾಡ್ತಿದ್ದೋಳೇ ನಾನು ಕಣವ್ವ. ನಾ ಮಾಡಿದ್ರೇನೇ ಎಲ್ಲಾರ್ಗೂ ಹಿಡಿಸೋದು.”

ಆ ಹುಡುಗಿ ಹೂಂ ಅಂತ ಬರ್ಕಂಡ್ಲು. ಕೇಳಿದ್ದು ತಿಂತೀರಾ ಅಂತ, ಹೇಳಿದ್ದು ಮಾಡ್ತೀನಿ ಅಂತ. ಅವ್ವನಿಗೆ ಆ ಎರಡೂ ಬೇರೆ ಬೇರೆ ಅನ್ನಿಸಿರಲೇ ಇಲ್ಲ. ನಾನು ಪಕ್ಕದ ಸ್ಟೂಲ್ ಮೇಲೆ ಕುಂತಿದ್ದೋಳು ಎದ್ದು ಕಿಟಕಿ ಹತ್ರ ಹೋಗಿ ನಿಂತ್ಕಂಡೆ.

ಎಸ್ರಲ್ಲೇ ಸತ್ವ ಅಂತಿದ್ಲಲ್ಲ, ಅದನ್ನೂ ಡಾಕ್ಟ್ರ ಹತ್ರ ಕೇಳ್ದೆ. ಅವ್ರು ನಕ್ಕು ಹೇಳಿದ್ರು: ಎಸ್ರು ರುಚಿಗೆ ಒಳ್ಳೇದು, ಆದ್ರೆ ಕಬ್ಬಿಣದ ಅಂಶ ಬಹುಪಾಲು ಬಾಡಲ್ಲೇ ಉಳೀತದೆ, ಈಲಿಯಲ್ಲಿ ಇನ್ನೂ ಜಾಸ್ತಿ. ಸೊಪ್ಪಲ್ಲಿ, ಕಾಳಲ್ಲಿ ಇರೋ ಕಬ್ಬಿಣಕ್ಕಿಂತ ಬಾಡಿನದ್ದು ಮೈಗೆ ಸುಲಭವಾಗಿ ಹಿಡೀತದೆ. ಸೊಪ್ಪು ಕಾಳು ತಿನ್ನೋವಾಗ ನಿಂಬೆಹಣ್ಣು ಹಿಂಡ್ಕಂಡ್ರೆ ಅದೂ ಚೆನ್ನಾಗಿ ಹಿಡೀತದೆ. ಊಟ ಆದ ತಕ್ಷಣ ಟೀ ಕಾಫಿ ಕುಡಿದ್ರೆ ಹಿಡಿಯೋದು ಕಮ್ಮಿ ಆಗ್ತದೆ, ಒಂದು ಗಂಟೆ ಬಿಟ್ಟು ಕುಡೀರಿ ಅಂದ್ರು. ತಿಂಗಳ ಮುಟ್ಟು, ಬಸುರಿ, ಬಾಣಂತನ ಅಂತ ಹೆಂಗಸರಿಗೇ ಕಬ್ಬಿಣ ಜಾಸ್ತಿ ಬೇಕು ಅಂತಾನೂ ಹೇಳಿದ್ರು. ಜಾಸ್ತಿ ಬೇಕಾದೋರು ಕೊನೇ ಸಾಲಲ್ಲಿ, ತಪಲೆ ತಳದಲ್ಲಿ.

ಆಮೇಲೆ ಒಂದು ಲೆಕ್ಕ ಪೇಪರಲ್ಲಿ ಓದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಜನಕ್ಕೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 100ಕ್ಕೆ 25. ಇದಕ್ಕೆ ನೂರೆಂಟು ಕಾರಣ ಇರ್ತದೆ, ಬಡತನ ಅದೆ, ಹೊಟ್ಟೆಹುಳ ಅದೆ, ಬಾಡು ತಿನ್ನದೇ ಇರೋ ಮನೆಗಳೂ ಅವೆ. ನಾನು ಪಿಯುಸಿ ಓದಿದೋಳು, ಆ ಲೆಕ್ಕ ಎಲ್ಲಾ ಬಿಡಿಸೋಕೆ ನನಗೆ ಬರಲ್ಲ. ಆದ್ರೆ 57ಕ್ಕೂ 25ಕ್ಕೂ ನಡುವೆ ಇರೋ ಆ ಅಂತರದಲ್ಲಿ ನಮ್ಮವ್ವನ ತಪಲೆಯೂ ಒಂದು ಚೂರು ಅದೆ ಅಂತ ನನಗೆ ಗೊತ್ತು.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಆಗ ಸಮ್ಮೇಳನದ ಊಟದಲ್ಲಿ ಬಾಡೂಟ ಇರಬೇಕು ಅಂತ ನಮ್ಮ ಕಡೆಯೋರು ಕೂಗು ಎಬ್ಬಿಸಿದ್ರು. ಟಿವಿಲಿ ನೋಡಿ ಖುಷಿ ಆಯ್ತು. ನಾವು ತಿನ್ನೋದನ್ನ ಮುಚ್ಚಿಟ್ಕಂಡು ತಿನ್ನೋದ್ಯಾಕೆ, ನೂರು ಜನರ ಮುಂದೆ ಪಂಕ್ತೀಲಿ ಬಡಿಸ್ಲಿ ಅಂತ ನಾನೂ ಅಂದೆ. ಜೊತೆಗೇ ಇನ್ನೊಂದು ಮಾತೂ ಬಾಯಿಗೆ ಬಂತು: ಬಾಡೂಟದ ಹಕ್ಕು ಕೇಳೋ ಅಣ್ಣಂದಿರು ಮನೆಗೆ ಹೋದ ಮೇಲೆ ಒಲೆ ಮುಂದೆ ಕುಂತಿರೋಳ ತಣಿಗೇನೂ ಒಂದು ಸಲ ಇಣುಕಿ ನೋಡ್ಲಿ.

ಇನ್ನು ಎಡೆ ವಿಚಾರ. ಪಿತೃಪಕ್ಷದಲ್ಲಿ ನಮ್ಮಲ್ಲಿ ಹಿರೀಕರಿಗೆ ಎಡೆ ಇಕ್ಕೋದು ನಿಮಗೆ ಗೊತ್ತೇ ಅದೆ. ಹೊಸ ಪಂಚೆ, ಸೀರೆ ಇಟ್ಟು, ಬಾಳೆ ಎಲೇಲಿ ಬಾಡೆಸ್ರು, ಹುರಿದ ಬಾಡು, ವಡೆ, ಕಜ್ಜಾಯ ಎಲ್ಲಾ ಬಡಿಸಿ, ಧೂಪ ಹಾಕಿ, ಅವ್ರು ಬಂದು ಉಂಡು ಹೋಗ್ಲಿ ಅಂತ ಸ್ವಲ್ಪ ಹೊತ್ತು ಬಾಗಿಲು ಮುಚ್ತೀವಿ. ಎಡೇಲಿ ಮುಖ್ಯ ಏನಪ್ಪಾ ಅಂದ್ರೆ ಹೋದೋರಿಗೆ ಏನು ಇಷ್ಟವೋ ಅದನ್ನೇ ಇಡೋದು. ನಮ್ಮಜ್ಜನ ಎಡೆಗೆ ನಲ್ಲಿ ಮೂಳೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅಪ್ಪನ ಎಡೆಗೆ ತಲೆ ಮಾಂಸ, ಒಂದು ಗುಟುಕು ಬ್ರಾಂದಿ. ಚಿಕ್ಕಪ್ಪನ ಎಡೆಗೆ ನಾಟಿಕೋಳಿ ಈಲಿ. ಒಬ್ಬೊಬ್ಬರದ್ದೂ ನಮಗೆ ಬಾಯಿಪಾಠ.

ಅವ್ವ ಆಸ್ಪತ್ರೆಯಿಂದ ಬಂದ ವರ್ಷ ಪಕ್ಷಕ್ಕೆ ನಾನೂ ತವರಿಗೆ ಹೋಗಿದ್ದೆ. ಎಡೆ ಇಕ್ಕೋವಾಗ ಅಜ್ಜಿ ಎಲೆಗೆ ಬಂದಾಗ ನಮ್ಮ ತಮ್ಮನ ಹೆಂಡ್ತಿ ಕೇಳಿದ್ಲು, “ಅತ್ತೆ, ಅಜ್ಜಿಗೆ ಏನಿಷ್ಟ ಇತ್ತು?” ಅವ್ವ, “ಎಲೆ ಅಡಿಕೆ ಇಡವ್ವ” ಅಂದ್ಲು. “ಬಾಡಲ್ಲಿ?” ಅಂದ್ಲು ಆ ಹುಡುಗಿ. ಅವ್ವ ಯೋಚನೆ ಮಾಡಿದ್ಲು. ಚಿಕ್ಕವ್ವನ ಮುಖ ನೋಡಿದ್ಲು. ಚಿಕ್ಕವ್ವ ನಮ್ಮ ಮುಖ ನೋಡಿದ್ಲು. ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಒಂದೇ ಒಲೆ ಮುಂದೆ ಕುಂತಿದ್ದ ಅತ್ತೆ ಸೊಸೆ, ಒಂದೇ ತಪಲೆ ಸವರಿದೋರು. ಅಜ್ಜಿ ಒಂದು ತುಂಡನ್ನ ಆರಿಸ್ಕಂಡು ತಿಂದದ್ದನ್ನ ಯಾರೂ ನೋಡೇ ಇಲ್ಲ. ಕೊನೇಗೆ ಅವ್ವ, “ಅವ್ರು ಎಲ್ಲಾನೂ ಉಣ್ಣೋರು, ಎಲ್ಲಾ ಒಂದೊಂದು ಚೂರು ಇಡು” ಅಂದ್ಲು. ಎಲ್ಲಾನೂ ಉಣ್ಣೋರು ಅಂದ್ರೆ ಏನರ್ಥ ಅಂತ ಅಲ್ಲಿದ್ದ ಹೆಂಗಸರಿಗೆಲ್ಲಾ ಗೊತ್ತಾಯ್ತು. ಉಳಿದದ್ದೆಲ್ಲಾ ಅಂತ.

ಅವತ್ತು ರಾತ್ರಿ ಮಲಗೋವಾಗ ನಾನು ಅವ್ವನ್ನ ಕೇಳ್ದೆ. “ಅವ್ವ, ನಿಂಗೆ ಬಾಡಲ್ಲಿ ಯಾವ್ದಿಷ್ಟ?”

“ನಂಗೇನೇ, ಯಾವ್ದಾದ್ರೂ ಆಯ್ತದೆ.”

“ಯಾವ್ದಾದ್ರೂ ಅಂತ ಎಡೇಲಿ ಇಡಾಕಾಯ್ತದಾ? ಒಂದು ಹೇಳು.”

“ಥೂ, ಬದುಕಿರೋಳ್ಗೇ ಎಡೆ ಇಕ್ಕ್ತಾಳಲ್ಲ ಇವಳು” ಅಂತ ನಕ್ಕು ಮಗ್ಗುಲಾದ್ಲು. ನಿದ್ದೆ ಹೋದ್ಲು ಅಂದ್ಕಂಡೆ. ಎಷ್ಟೋ ಹೊತ್ತಾದ ಮೇಲೆ ಕತ್ತಲಲ್ಲಿ ಹೇಳಿದ್ಲು, “ಗುಂಡಿಗೆ ಕಣೆ. ನಮ್ಮಪ್ಪ ಕುರಿ ಸುಲಿಯಾಕೆ ಹೋಯ್ತಿದ್ದ. ಸುಲಿದೋನ್ಗೆ ಗುಂಡಿಗೆ ಅಲ್ವಾ. ತಂದು ಕೆಂಡದ ಮ್ಯಾಲೆ ಸುಟ್ಟು, ಉಪ್ಪು ಸವರಿ ನಂಗೇ ಕೊಡೋನು, ನಮ್ಮಣ್ಣನ್ಗೂ ಕೊಡ್ತಿರ್ನಿಲ್ಲ. ಮದ್ವೆ ಆದ್ಮೇಲೆ ತಿಂದಿಲ್ಲ.”

ಮದುವೆ ಆದಾಗ ಅವ್ವನಿಗೆ ಹದಿನಾರು. ಅವತ್ತಿಗೆ ಅರವತ್ತೆಂಟು. ಮಧ್ಯದ ಐವತ್ತೆರಡು ವರ್ಷ ನೀವೇ ಲೆಕ್ಕ ಹಾಕ್ಕೊಳಿ.

ಈಗ ನಮ್ಮನೇಲಿ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ. ನಾವಿರೋದು ನಾಲ್ಕೇ ಜನ, ನಾನು, ಯಜಮಾನ್ರು, ಮಗ, ಸೊಸೆ. ಬಾಡು ಕೆಜಿಗೆ 800ರ ಹತ್ರ ಹೋದ್ರೂ ಭಾನುವಾರ ತರೋ ಶಕ್ತಿ ದೇವ್ರು ಕೊಟ್ಟವ್ನೆ. ಬಾಡಿಗೆ ಕೊರತೆ ಇಲ್ಲ. ಆದ್ರೆ ಅಭ್ಯಾಸ ಅಂಬೋದು ಕೊರತೆ ಹೋದ ಮೇಲೂ ಹೋಗಲ್ಲ. ಸೊಸೆ ಕಂಪನೀಲಿ ಕೆಲಸ ಮಾಡೋಳು, ನನ್ನ ಮಗನಷ್ಟೇ ಸಂಬಳ ತರೋಳು. ಅವಳೂ ಮದುವೆ ಆದ ಹೊಸತರಲ್ಲಿ ಎಲ್ಲಾರ್ಗೂ ಬಡಿಸಿ, ಪಾತ್ರೆ ತಳ ನೋಡಿ, “ನನಗೆ ಇಷ್ಟು ಸಾಕು ಅತ್ತೆ” ಅನ್ನೋಳು. ಅವಳಿಗೆ ಯಾರೂ ಹೇಳ್ಕೊಟ್ಟಿಲ್ಲ ನೋಡಿ. ಅವರವ್ವನ್ನ ನೋಡಿ ಕಲ್ತಿರ್ತಾಳೆ, ಅವರವ್ವ ಅವರವ್ವನ್ನ ನೋಡಿ.

ಅತ್ತೆ ಥರ ನಾಗಂದಿಗೆ ಮೇಲೆ ಬಚ್ಚಿಡೋ ಕಾಲ ಅಲ್ಲ ಇದು. ನಾನು ಬೀದಿ ಗುಡ್ಡೆಯನ್ನೇ ಅಡುಗೆಮನೆಗೆ ತಂದೆ. ನಾಲ್ಕು ತಟ್ಟೆ ಕಟ್ಟೆ ಮೇಲೆ ಸಾಲಾಗಿ ಇಡ್ತೀನಿ. ಬಾಡು ಪೂರ್ತಿ ಎತ್ತಿ ನಾಲ್ಕು ಗುಡ್ಡೆ. ಎಲ್ಲಕ್ಕೂ ತೊಡೆ, ಎಲ್ಲಕ್ಕೂ ಪಕ್ಕೆ. ಈಲಿ ತಂದಿದ್ರೆ ನಾಲ್ಕು ಭಾಗ. ನಲ್ಲಿ ಮೂಳೆ ಒಂದೇ ಇದ್ರೆ ಸರದಿ, ಈ ವಾರ ಒಬ್ಬರಿಗೆ, ಬರೋ ವಾರ ಇನ್ನೊಬ್ಬರಿಗೆ. ಆಮೇಲೆ ಎಸ್ರು, ಮುದ್ದೆ. ನಾಲ್ಕೂ ಜನ ಒಟ್ಟಿಗೆ ಕೂತ್ಕೊಳೋದು. ಇನ್ನೊಂದು ಮುದ್ದೆ ಬೇಕಾದ್ರೆ ಯಾರಿಗೆ ಬೇಕೋ ಅವರೇ ಎದ್ದು ಹಾಕ್ಕೊಳೋದು.

ಶುರೂನಲ್ಲಿ ಯಜಮಾನ್ರು ನಕ್ಕಿದ್ರು. ಒಂದು ಸಲ ಊರಿಂದ ನಮ್ಮ ದೊಡ್ಡ ಭಾವನೋರು ಬಂದಿದ್ರು. ಸಾಲಾಗಿ ತಟ್ಟೆ ಇಟ್ಟದ್ದು ನೋಡಿ, “ಏನಮ್ಮೀ, ಓಟ್ಲು ಮಾಡ್ಬುಟ್ಟಿದ್ದೀಯಾ, ಪ್ಲೇಟು ಸಿಸ್ಟಮ್ಮು?” ಅಂದ್ರು. ಊರಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷದಿಂದ ವರ್ಸತೊಡಕಿಗೆ ಗುಡ್ಡೆ ಹಾಕೋರು ಅವರೇ. ನಾನು, “ಓಟ್ಲಲ್ಲ ಭಾವ, ಗುಡ್ಡೆ ಹಾಕ್ತಿದ್ದೀನಿ. ನೀವು ನೋಡಿ ಹೇಳಿ, ಸಮ ಇದ್ಯಾ?” ಅಂದೆ. ಭಾವನೋರು ಕನ್ನಡಕ ಸರಿ ಮಾಡ್ಕಂಡು ಐದು ತಟ್ಟೆನೂ ಒಂದು ಸಲ ನೋಡಿದ್ರು. ಕೈ ಸುಮ್ಮನಿರಲಿಲ್ಲ. ಒಂದು ತಟ್ಟೆಯಿಂದ ಪಕ್ಕೆ ತುಂಡು ಎತ್ತಿ ಇನ್ನೊಂದಕ್ಕೆ ಹಾಕಿ, “ಈಗ ಸಮ ಆಯ್ತು ನೋಡು” ಅಂದ್ರು. ಹಾಕಿದ್ದು ನನ್ನ ಸೊಸೆ ತಟ್ಟೆಗೆ. ಗುಡ್ಡೆ ನ್ಯಾಯ ಗೊತ್ತಿರೋ ಮನುಷ್ಯ, ಲೆಕ್ಕ ಕಣ್ಣಿಗೆ ಬಿದ್ಮೇಲೆ ಎದುರು ಮಾತಾಡಲ್ಲ. ನಮ್ಮ ಗಂಡಸರು ಕೆಟ್ಟೋರಲ್ಲ ಕಣ್ರವ್ವ. ಅವರಿಗೆ ತಪಲೆ ತಳ ಕಾಣದಂಗೆ ನಾವೇ ಬೆನ್ನು ಅಡ್ಡ ಇಟ್ಕಂಡು ಕುಂತಿದ್ದೋ.

ಅವ್ವ ಈಗ ಎಪ್ಪತ್ತಾರು ದಾಟವ್ಳೆ. ಮಾತ್ರೆ ನುಂಗಿ, ವಾರಕ್ಕೆರಡು ಸಲ ಈಲಿ, ಮೊಟ್ಟೆ, ನುಗ್ಗೆಸೊಪ್ಪು ತಿಂದು ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 11ಕ್ಕೆ ಬಂತು. ಈಗ ಮನೆ ಮುಂದೆ ಸೆಗಣಿ ನೀರು ಹಾಕೋ ಅಷ್ಟು ಗಟ್ಟಿ ಆಗವ್ಳೆ. ನಮ್ಮನೆಗೆ ಬಂದಾಗ ನಮ್ಮ ಬಾಡಿನ ಅಂಗಡಿಯ ಹುಡುಗನಿಗೆ ಹಿಂದಿನ ದಿನವೇ ಹೇಳಿ ಗುಂಡಿಗೆ ಎತ್ತಿಡಿಸ್ತೀನಿ. ಗ್ಯಾಸ್ ಒಲೆ ಮೇಲೆ ಕಬ್ಬಿಣದ ಕಾವಲಿ ಇಟ್ಟು, ತೆಳ್ಳಗೆ ಸೀಳಿ, ಒಂಚೂರು ತುಪ್ಪ ಸವರಿ ಸುಡ್ತೀನಿ. ಉಪ್ಪು, ಮೆಣಸಿನ ಪುಡಿ, ಅಷ್ಟೇ. ಅತ್ತೆಯೋರ ಕಂಚಿನ ಬಟ್ಲಲ್ಲಿ ಹಾಕಿ ಕೊಡ್ತೀನಿ. ಮೊದಲು ಎರಡು ಸಲ “ಮಗನಿಗಿಕ್ಕು, ಯಜಮಾನ್ರಿಗಿಕ್ಕು” ಅಂತ ತಳ್ಳಿದ್ಲು. ಮೂರನೇ ಸಲದಿಂದ ತಳ್ಳೋದು ಬಿಟ್ಟು, “ಕೆಂಡದ ರುಚಿ ಬರ್ನಿಲ್ಲ” ಅಂತ ತಪ್ಪು ಹುಡುಕೋಕೆ ಶುರು ಮಾಡವ್ಳೆ. ಅಡುಗೆ ಮಾಡೋಳಿಗೆ ತಪ್ಪು ಹುಡುಕಿಸ್ಕಳೋದು ಅಂದ್ರೆ ಕೋಪ. ನನಗೆ ಮಾತ್ರ ಅವ್ವ ಹಂಗಂದಾಗ ಹೊಟ್ಟೆ ತಣ್ಣಗಾಗ್ತದೆ. ತನಗೆ ಹಿಂಗೇ ಬೇಕು ಅಂತ ಅವಳು ಹೇಳಿದ್ದನ್ನ ನಾನು ಇಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು.

ಪಿತೃಪಕ್ಷ ಹತ್ರ ಬರ್ತಾ ಅದೆ. ಎಲ್ಲಾರೂ ಪಟ್ಟಿ ಬರೀತಿರ್ತೀರಿ, ಯಾರ ಎಡೆಗೆ ಏನು ಅಂತ. ನಿಮ್ಮ ಅವ್ವ, ಅತ್ತೆ, ದೊಡ್ಡವ್ವ ಇನ್ನೂ ಇದ್ರೆ ಅವರನ್ನೂ ಒಂದು ಮಾತು ಕೇಳಿ, ಬಾಡಲ್ಲಿ ನಿಂಗೆ ಯಾವ್ದಿಷ್ಟ ಅಂತ. ಯಾವ್ದಾದ್ರೂ ಆಯ್ತದೆ ಅಂತಾರೆ. ಅಷ್ಟಕ್ಕೇ ಬಿಡಬ್ಯಾಡಿ. ದೀಪ ಆರಿಸಿ ಮಲಗಿದ ಮೇಲೆ ಇನ್ನೊಂದು ಸಲ ಕೇಳಿ. ಹೇಳಿದ್ದನ್ನ ಬರುವ ಭಾನುವಾರವೇ ಮಾಡಿ ಇಕ್ಕಿ, ಬಾಳೆ ಎಲೆ ಹಾಸೋವರೆಗೂ ಕಾಯಬ್ಯಾಡಿ.